ಮರಗಪ್ಪೆಯ ಮನೆಗೊಂದು ಬಸಿಗಾಲುವೆ

ಕಪ್ಪೆ ಸಾಕುವ, ಗಿಡ ನೆಟ್ಟ ಗಾಜಿನ ಪೆಟ್ಟಿಗೆ, ಅಂದರೆ ಟೆರೇರಿಯಂನ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಒಂದು ಚಮಚ ತಂದು ಮೂಲೆಯಲ್ಲಿ ಮಣ್ಣು ಬಗೆದು ನೋಡಿದೆ. ಮೇಲಿನ ಎರಡು ಇಂಚು ಒಳ್ಳೆ ಕಂದು ಬಣ್ಣ, ಏನೂ ತೊಂದರೆ ಇಲ್ಲ ಅನ್ನಿಸುವ ಹಾಗಿತ್ತು. ಅದರ ಕೆಳಗೆ ಕಪ್ಪು ಕೆಸರು. ಗಿಡದ ಬೇರು ಹಿಡಿದು ಎಳೆದರೆ ಸಿಪ್ಪೆ ಕಳಚಿ, ಒಳಗಿನ ನೂಲಿನಂಥ ಎಳೆ ಮಾತ್ರ ಕೈಗೆ ಬಂತು. ಟೆರೇರಿಯಂ ಕಟ್ಟಿ ಆಗ ಬರೀ ಮೂರು ತಿಂಗಳಾಗಿತ್ತು.

ನಾನಿರುವುದು ಅಮೆರಿಕದ ಅಟ್ಲಾಂಟಾದಲ್ಲಿ. ಸಾಕಿರುವುದು ಎರಡು ಕೆಂಗಣ್ಣಿನ ಮರಗಪ್ಪೆ. ಮಧ್ಯ ಅಮೆರಿಕದ ಮಳೆಕಾಡಿನ ಜಾತಿ ಅದು. ನನ್ನ ಹತ್ತಿರ ಇರುವವು ಕಾಡಿನಿಂದ ಹಿಡಿದು ತಂದವಲ್ಲ, ಇಲ್ಲೇ ಸಾಕಣೆಯಲ್ಲಿ ಹುಟ್ಟಿದವು. ಹಗಲೆಲ್ಲ ಕಾಲು ಮಡಚಿ, ಕಣ್ಣು ಮುಚ್ಚಿ, ಎಲೆಯ ಅಡಿಗೆ ಅಂಟಿಕೊಂಡಿರುತ್ತವೆ. ಆಗ ಎಲೆ ಯಾವುದು, ಕಪ್ಪೆ ಯಾವುದು ಅಂತ ಹುಡುಕಬೇಕು. ರಾತ್ರಿ ಲೈಟ್ ಆರಿಸಿದ ಮೇಲೆ ಕಣ್ಣು ಬಿಡುತ್ತವೆ. ಕಿತ್ತಳೆ ಬಣ್ಣದ ಬೆರಳು ಒಂದೊಂದಾಗಿ ಗಾಜಿನ ಮೇಲೆ ಇಟ್ಟು ನಡೆಯುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಸದಾ ಮೇಲೇ ಇರುವ ಕಪ್ಪೆಗೆ ಕೆಳಗಿನ ಮಣ್ಣು ಯಾವುದಾದರೇನು ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು. ಕಪ್ಪೆ ನಮ್ಮ ಹಾಗೆ ಬಾಯಲ್ಲಿ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ತೊಡೆಯ ಹತ್ತಿರ ಇರುವ ತೆಳು ಚರ್ಮವನ್ನು ಹಸಿ ಜಾಗಕ್ಕೆ ಒತ್ತಿ ಕೂತು ನೀರು ಎಳೆದುಕೊಳ್ಳುತ್ತದೆ. ನೀರಿನ ಜೊತೆಗೆ ಆ ಜಾಗದಲ್ಲಿ ಏನಿದೆಯೋ ಅದೂ ಮೈಗೆ ಹೋಗಬಹುದು. ವಾಸನೆ ಬಂದ ಆ ವಾರವೇ ಒಂದು ಕಪ್ಪೆಯ ಹೊಟ್ಟೆ ಸ್ವಲ್ಪ ಕೆಂಪಾಗಿತ್ತು. ಎರಡನ್ನೂ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಕೆಳಗೆ ಒದ್ದೆ ಪೇಪರ್ ಟವೆಲ್ ಹಾಸಿ, ಡಾಕ್ಟರ ಹತ್ತಿರ ಓಡಿದೆ. ಔಷಧಿ ಕೊಟ್ಟರು, ಹುಷಾರಾಯಿತು. ಆದರೆ ಆ ಹತ್ತು ದಿನ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಮೊದಲ ಸಲ ನಾನು ಹಾಕಿದ್ದು ಬರೀ ತೆಂಗಿನ ನಾರಿನ ಪುಡಿ. ಇಟ್ಟಿಗೆಯ ಹಾಗೆ ಒತ್ತಿದ್ದು ಸಿಗುತ್ತದಲ್ಲ, ಅದನ್ನು ಬಿಸಿನೀರಲ್ಲಿ ನೆನೆಸಿ, ಅರಳಿಸಿ, ನಾಲ್ಕು ಇಂಚು ತುಂಬಿದ್ದೆ. ನೀರು ಚೆನ್ನಾಗಿ ಹಿಡಿಯುತ್ತದೆ, ಮಳೆಕಾಡಿನ ಕಪ್ಪೆಗೆ ಇದೇ ಸರಿ ಅನ್ನುವುದು ನನ್ನ ಲೆಕ್ಕ. ದಿನಕ್ಕೆ ಎರಡು ಸಲ ನೀರು ಸಿಂಪಡಿಸುತ್ತಿದ್ದೆ. ಆ ನೀರಿಗೆ ಹೋಗಲು ದಾರಿಯೇ ಇರಲಿಲ್ಲ.

ಅಪ್ಪ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಡಿಕೆ ತೋಟ ಮಾಡುತ್ತಾರೆ. ಫೋನಿನಲ್ಲಿ ಎಲ್ಲ ಹೇಳಿದೆ. "ನಾಲ್ಕು ಇಂಚಿರಲಿ, ನಾಲ್ಕು ಅಡಿ ಇರಲಿ ಮಗಾ, ಬಸಿಗಾಲುವೆ ಎಲ್ಲಿದೆ?" ಅಂದರು. ಅಡಿಕೆ ತೋಟದಲ್ಲಿ ಬಸಿಗಾಲುವೆ ಮುಚ್ಚಿಹೋದರೆ ಮಣ್ಣು ಜೌಗಾಗುತ್ತದೆ, ಬೇರು ಕೊಳೆಯುತ್ತದೆ. ಚಿಕ್ಕವಳಿದ್ದಾಗಿನಿಂದ ಕೇಳಿದ ಮಾತು. ಮಣ್ಣು ಎಷ್ಟು ನೀರು ಹಿಡಿಯುತ್ತದೆ ಅನ್ನುವುದರ ಮೇಲೇ ಇತ್ತು ನನ್ನ ಗಮನ. ಒದ್ದೆಯಾದ ಮೇಲೂ ಒಳಗೆ ಗಾಳಿ ಉಳಿಯುತ್ತದಾ ಅಂತ ನೋಡಬೇಕಿತ್ತು. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾದಿಂದಲೇ ಆ ಕೊಳೆತ ಮೊಟ್ಟೆಯ ವಾಸನೆ ಬರುವುದು.

ಎರಡನೇ ಸಲ ಆತುರ ಮಾಡಲಿಲ್ಲ. ನಾಲ್ಕು ಪ್ಲಾಸ್ಟಿಕ್ ಲೋಟದ ತಳಕ್ಕೆ ತೂತು ಮಾಡಿ, ಒಂದರಲ್ಲಿ ಬರೀ ನಾರಿನ ಪುಡಿ, ಒಂದರಲ್ಲಿ ನಾರಿನ ಪುಡಿಗೆ ಮರಳು, ಒಂದರಲ್ಲಿ ಅಂಗಡಿಯ ಕುಂಡದ ಮಣ್ಣು, ಇನ್ನೊಂದರಲ್ಲಿ ಎಬಿಜಿ ಮಿಕ್ಸ್ ಅನ್ನುವ ಮಿಶ್ರಣ ತುಂಬಿದೆ. ಮೂರು ವಾರ ದಿನಾ ಒಂದೇ ಅಳತೆಯ ನೀರು ಹಾಕಿದೆ. ಮರಳು ಸೇರಿಸಿದರೆ ನೀರು ಬೇಗ ಬಸಿಯುತ್ತದೆ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ಸಣ್ಣ ಮರಳು ಸಂದುಗಳಲ್ಲಿ ಕೂತು ಎಲ್ಲ ಗಟ್ಟಿಯಾಯಿತು, ನೀರು ಮೇಲೇ ನಿಂತಿತು. ಕುಂಡದ ಮಣ್ಣಿನಲ್ಲಿ ನೀರು ಚೆನ್ನಾಗಿಯೇ ಇಳಿಯಿತು. ಆದರೆ ಅದರಲ್ಲಿ ರಾಸಾಯನಿಕ ಗೊಬ್ಬರ ಇರುತ್ತದೆ, ಕಪ್ಪೆಯ ಚರ್ಮಕ್ಕೆ ಅದು ಬೇಡವೇ ಬೇಡ. ನಾಲ್ಕನೇ ಲೋಟ ಮೂರು ವಾರದ ನಂತರವೂ ಮಳೆ ಬಂದ ಕಾಡಿನ ಹಾಗೆ ಘಮ್ ಅನ್ನುತ್ತಿತ್ತು.

ಎಬಿಜಿ ಅಂದರೆ ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್. ಈ ಮಿಶ್ರಣ ಹುಟ್ಟಿದ್ದು ಇದೇ ಊರಿನ ಆ ತೋಟದಲ್ಲಿ. ಮರಜರೀಗಿಡದ (ಮರದ ಹಾಗೆ ಬೆಳೆಯುವ ಜರೀಗಿಡ, ಟ್ರೀ ಫರ್ನ್) ನಾರು 2 ಪಾಲು, ಆರ್ಕಿಡ್‌ಗೆ ಹಾಕುವ ಮರದ ತೊಗಟೆ 2 ಪಾಲು, ಇದ್ದಿಲು, ಪೀಟ್ (ಜೌಗುನೆಲದಲ್ಲಿ ಅರೆಕೊಳೆತು ಶೇಖರವಾದ ಪಾಚಿ), ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ ತಲಾ 1 ಪಾಲು. ನಾನು ಪೀಟ್ ಬದಲು ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಹಾಕಿದೆ. ಪೀಟ್ ಜೌಗುನೆಲದಲ್ಲಿ ಶೇಖರವಾಗಲು ಸಾವಿರಾರು ವರ್ಷ ಬೇಕು, ನನ್ನ ಒಂದು ಪೆಟ್ಟಿಗೆಗೆ ಅದನ್ನು ಅಗೆಸಲು ಮನಸ್ಸು ಬರಲಿಲ್ಲ. ನಾರಿನ ಪುಡಿ ತೊಳೆಯಲೇಬೇಕು, ಅದರಲ್ಲಿ ಉಪ್ಪಿನಂಶ ಇರುತ್ತದೆ. ಮರಜರೀಗಿಡದ ನಾರು ದುಬಾರಿ. ಆದರೂ ಅದನ್ನು ಕಡಿಮೆ ಮಾಡಬೇಡಿ. ವರ್ಷಗಟ್ಟಲೆ ಕೊಳೆಯದೆ ಮಣ್ಣಿನ ಸಂದುಗಳನ್ನು ತೆರೆದಿಡುವುದು ಅದೇ. ಇದ್ದಿಲು ಮಾತ್ರ ಗಟ್ಟಿಮರದ್ದೇ ಇರಲಿ. ಬಾರ್ಬೆಕ್ಯೂಗೆ ಅಂತ ಅಚ್ಚು ಹಾಕಿ ಮಾರುವ ಉಂಡೆಗಳಲ್ಲಿ ಬೇರೇನೇನೋ ಸೇರಿಸಿರುತ್ತಾರೆ. ಹಾಗೆಯೇ ಪೈನ್, ಸೀಡರ್ ಮರದ ಚಕ್ಕೆ ಬೇಡ, ಅವುಗಳ ಎಣ್ಣೆ ಕಪ್ಪೆಗೆ ಆಗುವುದಿಲ್ಲ.

ನನ್ನ ಪೆಟ್ಟಿಗೆಯ ತಳ 45 ಸೆಂ.ಮೀ. ಉದ್ದ, ಅಷ್ಟೇ ಅಗಲ. ಎತ್ತರ 60 ಸೆಂ.ಮೀ. ತಳದಲ್ಲಿ 4 ಸೆಂ.ಮೀ. ಸುಟ್ಟ ಜೇಡಿಮಣ್ಣಿನ ಗೋಲಿಗಳು, ಸುಮಾರು 8 ಲೀಟರ್. ಅದೇ ಬಸಿಗಾಲುವೆ. ಮೇಲೆ ಕಿಟಕಿಗೆ ಹಾಕುವ ಫೈಬರ್ ಸೊಳ್ಳೆಪರದೆ, ಮಣ್ಣು ಕೆಳಗೆ ಇಳಿಯಬಾರದಲ್ವಾ. ಅದರ ಮೇಲೆ ಮಿಶ್ರಣ, ಮುಂದೆ 7 ಸೆಂ.ಮೀ., ಹಿಂದೆ 11 ಸೆಂ.ಮೀ., ಒಟ್ಟು 18 ಲೀಟರ್. ಇಳಿಜಾರು ಮಾಡಿದ್ದರಿಂದ ಹಿಂದಿನ ಗಿಡಗಳ ಬೇರಿಗೆ ಜಾಗ ಜಾಸ್ತಿ ಸಿಕ್ಕಿತು. ಹದ ನೋಡುವುದು ಕೈಯಲ್ಲೇ. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿದರೆ ಎರಡು ಮೂರು ಹನಿ ಬರಬೇಕು. ಧಾರೆ ಇಳಿದರೆ ನೀರು ಜಾಸ್ತಿ, ಮುಷ್ಟಿ ಬಿಟ್ಟ ಕೂಡಲೇ ಉದುರಿಹೋದರೆ ಕಡಿಮೆ.

ಮಣ್ಣಿನ ಮೇಲೆ ತರಗೆಲೆ. ನಮ್ಮ ಕಡೆ ದರಕು ಅಂತೀವಿ. ಔಷಧಿ ಹೊಡೆಯದ ಅಂಗಳದಿಂದ ಓಕ್ ಮತ್ತು ಮ್ಯಾಗ್ನೋಲಿಯಾ ಎಲೆ ಆರಿಸಿ, ಕುದಿಸಿ, ಒಣಗಿಸಿ ಎರಡು ಮೂರು ಪದರ ಹಾಸಿದೆ. ಮ್ಯಾಗ್ನೋಲಿಯಾ ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಇದು ಸುಮ್ನೆ ಚೆಂದಕ್ಕೆ ಅಂದುಕೊಂಡು ಬಿಟ್ಟುಬಿಡಬೇಡಿ. ಎಲೆ ಹಾಸುವ ಮೊದಲು ಒಂದು ರಾತ್ರಿ ಕಪ್ಪೆಯೊಂದು ಮಿಡತೆಯ ಮೇಲೆ ಹಾರಿ, ತಪ್ಪಿ, ಬಾಯಿತುಂಬ ನಾರು ಕಚ್ಚಿಕೊಂಡಿತ್ತು. ತುಟಿಯಿಂದ ಒಂದು ಎಳೆ ಇಳಿಬಿದ್ದಿತ್ತು. ಮುಂಗಾಲಿನಿಂದ ಒರೆಸಿ ಒರೆಸಿ ಕೊನೆಗೆ ತೆಗೆದುಹಾಕಿತು. ಅಲ್ಲಿ ಸಣ್ಣ ಜಲ್ಲಿ ಇದ್ದು ನುಂಗಿದ್ದರೆ ಕರುಳು ಕಟ್ಟಿಕೊಳ್ಳುತ್ತಿತ್ತು. ಈಗ ನೆಲದ ಮೇಲೆ ಎಲೆ ಇದೆ, ಹುಳವನ್ನು ಬಟ್ಟಲಲ್ಲಿ ಕೊಡುತ್ತೇನೆ. ಜಲ್ಲಿ ಹಾಕುವುದೇ ಇಲ್ಲ.

ಎಲೆಯ ಕೆಳಗೆ ಸ್ಪ್ರಿಂಗ್‌ಟೇಲ್ ಮತ್ತು ಬಿಳಿಯ ಸಣ್ಣ ಐಸೋಪಾಡ್ ಅನ್ನುವ, ಒದ್ದೆ ಮಣ್ಣಿನಲ್ಲಿ ಬದುಕುವ ಪುಟ್ಟ ಜೀವಿಗಳನ್ನು ಬಿಟ್ಟಿದ್ದೇನೆ. ಸ್ಪ್ರಿಂಗ್‌ಟೇಲ್ ಬೂಷ್ಟು ತಿನ್ನುತ್ತದೆ, ಐಸೋಪಾಡ್ ಹಿಕ್ಕೆ ಮತ್ತು ಕೊಳೆತ ಎಲೆ ತಿನ್ನುತ್ತದೆ. ಕಪ್ಪೆ ತರುವುದಕ್ಕೆ ಒಂದು ತಿಂಗಳು ಮೊದಲೇ ಇವನ್ನು ಬಿಟ್ಟರೆ ಒಳ್ಳೆಯದು, ಹೆಚ್ಚಾಗಲು ಸಮಯ ಸಿಗುತ್ತದೆ. ಸಿಂಪಡಿಸುವ ನೀರಿನ ಕ್ಲೋರಿನ್ ತೆಗೆಯುವುದನ್ನು ಮರೆಯಬೇಡಿ. ನಿಮ್ಮೂರ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು) ಹಾಕುತ್ತಿದ್ದರೆ ರಾತ್ರಿಯಿಡೀ ತೆರೆದಿಟ್ಟರೂ ಹೋಗುವುದಿಲ್ಲ, ಅದಕ್ಕೆ ಅಂತಲೇ ಸಿಗುವ ದ್ರವ ಬಳಸಬೇಕು.

ಹಳೆಯ ಕೆಸರನ್ನು ಏನು ಮಾಡಿದೆ ಅಂತಲೂ ಹೇಳಬೇಕು. ಊರಲ್ಲಾದರೆ ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದೆವು. ಕಪ್ಪೆ ಇದ್ದ ಮಣ್ಣನ್ನು ಹಾಗೆ ಹೊರಗೆ ಚೆಲ್ಲಬಾರದು. ಎರಡು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿದೆ. ಕೈಟ್ರಿಡ್ ಅನ್ನುವ ಶಿಲೀಂಧ್ರ ನೀರು, ಒದ್ದೆ ಮಣ್ಣಿನ ಮೂಲಕ ಹರಡಿ ಕಪ್ಪೆಗಳ ಜಾತಿಗಳನ್ನೇ ಅಳಿಸಿದೆ. ಇದೇ ಬೊಟಾನಿಕಲ್ ಗಾರ್ಡನ್‌ನಲ್ಲಿ ಟಫಿ ಅನ್ನುವ ಮರಗಪ್ಪೆ ಇತ್ತು. ಆ ಕಾಯಿಲೆ ಹಬ್ಬುವ ಮೊದಲು ಉಳಿಸಿಕೊಳ್ಳೋಣ ಅಂತ 2005ರಲ್ಲಿ ಪನಾಮಾದಿಂದ ತಂದಿದ್ದು. ಅದರ ಜಾತಿಯಲ್ಲಿ ಉಳಿದಿದ್ದ, ಗೊತ್ತಿರುವ ಕೊನೆಯ ಕಪ್ಪೆ ಅದು. 2016ರ ಸೆಪ್ಟೆಂಬರ್ 26ರಂದು ಸತ್ತುಹೋಯಿತು. ಹಾಗಾಗಿ ಒಂದು ಲೋಟ ನೀರು ಚೆಲ್ಲುವಾಗಲೂ ನಾನು ಎರಡು ಸಲ ಯೋಚಿಸುತ್ತೇನೆ.

ಹೊಸ ಮಣ್ಣು ಹಾಕಿ ಈಗ 14 ತಿಂಗಳು. ಹಿಂದಿನ ಎಡಮೂಲೆಯಲ್ಲಿ ಮಣ್ಣಿನ ಮೇಲಿನಿಂದ ಪೆಟ್ಟಿಗೆಯ ತಳದವರೆಗೆ ಒಂದು ಸಣ್ಣ ಪೈಪ್ ನಿಲ್ಲಿಸಿದ್ದೇನೆ. ಗೋಲಿಗಳ ಮಧ್ಯೆ ನೀರು ಅರ್ಧದಷ್ಟು ಏರಿತು ಅಂದರೆ ಅದರೊಳಗೆ ತೆಳು ಟ್ಯೂಬ್ ಇಳಿಸಿ ಸಿರಿಂಜಿನಲ್ಲಿ ಎಳೆದು ತೆಗೆಯುತ್ತೇನೆ. ನೀರು ಟೀ ಬಣ್ಣಕ್ಕೆ ಇರುತ್ತದೆ, ಎಲೆಯ ಸತ್ವ ಇಳಿದು. ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ, ವಾಸನೆ ಇಲ್ಲ. ಬ್ಲೀಚ್ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಚರಂಡಿಗೆ ಬಿಡುತ್ತೇನೆ. ಭಾನುವಾರ ಫೋನ್ ಮಾಡಿದಾಗ ಅಪ್ಪ ಮೊದಲು ಕೇಳುವುದೇ, "ಬಸಿಗಾಲುವೆ ನೋಡಿದ್ಯಾ?"