ಹರಳಿನೊಳಗೆ ಲೇಸರ್‌ನಿಂದ ಬರೆದ ಬೆಳಕಿನ ದಾರಿ: ನನ್ನ ಅನುಭವ

1064 ನ್ಯಾನೊಮೀಟರ್‌ನ ಅವಕೆಂಪು ಬೆಳಕನ್ನು 532 ನ್ಯಾನೊಮೀಟರ್‌ನ ಹಸಿರಾಗಿ ಮಾರ್ಪಡಿಸುವ, ಅಂಗೈಯಲ್ಲಿ ಹಿಡಿಯಬಹುದಾದ ಲೇಸರ್ ಒಂದನ್ನು ಕಟ್ಟಲು ಹೊರಟಾಗ ನಾನು ಆರಿಸಿಕೊಂಡದ್ದು ಮೆಗ್ನೀಸಿಯಂ ಆಕ್ಸೈಡ್ ಬೆರೆಸಿದ ಲಿಥಿಯಂ ನಯೋಬೇಟ್ ಹರಳನ್ನು. ಉದ್ದ ಒಂದು ಸೆಂಟಿಮೀಟರ್, ದಪ್ಪ ಅರ್ಧ ಮಿಲಿಮೀಟರ್. ಅವಕೆಂಪು ಬೆಳಕೂ ಅದರಿಂದ ಹುಟ್ಟುವ ಹಸಿರೂ ಹರಳಿನಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ಅವುಗಳ ಹೆಜ್ಜೆ ತಪ್ಪುತ್ತದೆ. ಅದನ್ನು ಸರಿಪಡಿಸಲೆಂದೇ ಹರಳಿನೊಳಗಿನ ವಿದ್ಯುತ್ ಧ್ರುವಗಳ ದಿಕ್ಕನ್ನು ಸುಮಾರು 6.9 ಮೈಕ್ರೊಮೀಟರ್ ಆವರ್ತದಲ್ಲಿ ಮೇಲೆ ಕೆಳಗೆ ಮಾಡಲಾಗಿತ್ತು. ಲೆನ್ಸ್‌ನಿಂದ ಕೇಂದ್ರೀಕರಿಸಿದ ಬೆಳಕು ಸ್ವಲ್ಪ ದೂರ ಹೋಗುವಷ್ಟರಲ್ಲೇ ಹರಡಿಕೊಳ್ಳುವುದರಿಂದ, ವೇವ್‌ಗೈಡ್ (ಬೆಳಕನ್ನು ಹರಡಲು ಬಿಡದೆ ಹಿಡಿದು ಸಾಗಿಸುವ ಕಿರಿದಾದ ದಾರಿ) ಇಲ್ಲದ ಹರಳಿನಲ್ಲಿ ಪರಿವರ್ತನೆಯ ದಕ್ಷತೆ ಉದ್ದಕ್ಕೆ ತಕ್ಕಷ್ಟೇ ಏರುತ್ತದೆ. ವೇವ್‌ಗೈಡ್‌ನೊಳಗಾದರೆ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇಷ್ಟೆಲ್ಲ ಶ್ರಮ ಅದಕ್ಕಾಗಿಯೇ.

ಮೊದಲ ಯತ್ನದಲ್ಲಿ ನಾನು ಅತ್ಯಲ್ಪ ಕಾಲದ ಮಿಡಿತಗಳಾಗಿ (ಪಲ್ಸ್) ಬೆಳಕನ್ನು ಹೊಮ್ಮಿಸುವ ಫೆಮ್ಟೊಸೆಕೆಂಡ್ ಲೇಸರ್‌ನ ಪಲ್ಸ್ ಶಕ್ತಿಯನ್ನು ಆದಷ್ಟು ಕಡಿಮೆ ಇಟ್ಟು, ಒಂದೇ ಗೆರೆಯನ್ನು ಎಳೆದು, ಆ ಗೆರೆಯೊಳಗೇ ಬೆಳಕನ್ನು ಹರಿಸಿದೆ. ಸೂಕ್ಷ್ಮದರ್ಶಕದಲ್ಲಿ ಅದು ಎಷ್ಟು ನುಣುಪಾಗಿ ಕಂಡಿತೆಂದರೆ ಕೆಲಸ ಮುಗಿಯಿತೆಂದೇ ಭಾವಿಸಿದೆ. ಆದರೆ ಹಸಿರು ತೀರಾ ಮಂಕಾಗಿತ್ತು, ಏಕೆಂದರೆ ವಕ್ರೀಭವನ ಸೂಚ್ಯಂಕವನ್ನು ಏರಿಸಿ ಬೆಳಕನ್ನು ಗೆರೆಯೊಳಗೆ ಹಿಡಿದಿಟ್ಟ ಅದೇ ಪಲ್ಸ್‌ಗಳು ಆ ಜಾಗದ ಅರೇಖೀಯ ಗುಣವನ್ನು, ಅಂದರೆ ಬೆಳಕಿನ ಬಣ್ಣ ಬದಲಿಸುವ ಗುಣವನ್ನು, ಕುಗ್ಗಿಸಿದ್ದವು. ಒಳಗಿನ ದೋಷಗಳು ಕಳೆಯಲಿ ಎಂದು ಹರಳನ್ನು ಒಲೆಯಲ್ಲಿಟ್ಟು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿದಾಗ ದೋಷಗಳ ಜೊತೆಗೆ ವೇವ್‌ಗೈಡ್ ಕೂಡ ಅಳಿಸಿಹೋಯಿತು.

ಎರಡನೆಯ ಹರಳಿನಲ್ಲಿ ದಾರಿ ಬದಲಿಸಿದೆ. ಪಲ್ಸ್ ಶಕ್ತಿಯನ್ನು ಏರಿಸಿ, ಹರಳಿಗೆ ನಿಜವಾಗಿಯೇ ಗಾಯ ಮಾಡುವ ಎರಡು ಗೆರೆಗಳನ್ನು ಅಕ್ಕಪಕ್ಕ ಎಳೆದೆ. ಗಾಯಗೊಂಡ ಭಾಗಗಳು ಹಿಗ್ಗಿ ನಡುವಿನ ಭಾಗವನ್ನು ಒತ್ತುತ್ತವೆ, ಆ ಒತ್ತಡವೇ ಅಲ್ಲಿ ಬೆಳಕನ್ನು ಹಿಡಿದಿಡುತ್ತದೆ. ಹೀಗೆ ಬೆಳಕು ಸಾಗುವುದು ಲೇಸರ್ ಮುಟ್ಟದ ಹರಳಿನಲ್ಲಿ. ಅದರ ಅರೇಖೀಯ ಗುಣವೂ ತಿರುವಿದ ಧ್ರುವಗಳೂ ಇದ್ದಂತೆಯೇ ಉಳಿಯುತ್ತವೆ. ಈ ವಿಧಾನದ ಸೊಗಸು ಇರುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ. ಗೆರೆಗಳ ಅಂತರವನ್ನು 14ರಿಂದ 20 ಮೈಕ್ರೊಮೀಟರ್‌ವರೆಗೆ, ಶಕ್ತಿಯನ್ನು ಹಂತಹಂತವಾಗಿ ಬದಲಿಸುತ್ತ ಹಲವು ಜೋಡಿಗಳನ್ನು ಬರೆದೆ. ತುದಿಯಿಂದ ನೋಡಿದಾಗ ಪ್ರತಿಯೊಂದು ಗಾಯವೂ ಕೆಲವೇ ಮೈಕ್ರೊಮೀಟರ್ ಅಗಲದ, ಅದರ ಹಲವು ಪಟ್ಟು ಎತ್ತರದ ಕಪ್ಪು ಸೀಳಿನಂತೆ ನಿಂತಿತ್ತು. ಲಿಥಿಯಂ ನಯೋಬೇಟ್‌ನ ಸೂಚ್ಯಂಕ ಸುಮಾರು 2.2 ಇರುವುದರಿಂದ ಲೇಸರ್‌ನ ನಾಭಿ ಆಳದ ದಿಕ್ಕಿಗೆ ಎಳೆದುಕೊಳ್ಳುತ್ತದೆ. ಅತಿ ಹೆಚ್ಚು ಶಕ್ತಿಯ ಜೋಡಿಗಳಲ್ಲಿ ಒಂದು ಸೀಳಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಬಿರುಕು ಹಾದಿತ್ತು, ಅವುಗಳನ್ನು ಕೈಬಿಟ್ಟೆ.

ಹರಳಿನ ಅಂಚಿನ ಬಳಿ ಬರೆಯುವ ಕಿರಣದ ಒಂದು ಪಾಲು ಕತ್ತರಿಸಿಹೋಗುವುದರಿಂದ ಗೆರೆಗಳು ಅಲ್ಲಿ ಅಪೂರ್ಣವಾಗಿರುತ್ತವೆ. ಆದ್ದರಿಂದ ಎರಡೂ ತುದಿಗಳನ್ನು ಬರೆದ ನಂತರವೇ ಸವೆಸಿ ಪಾಲಿಶ್ ಮಾಡಬೇಕು. ಬಿಸಿ ಮಾಡುವಾಗಲೂ ಆರಿಸುವಾಗಲೂ ಆತುರ ಸಲ್ಲದು. ತಾಪಮಾನ ಥಟ್ಟನೆ ಬದಲಾದರೆ ಈ ಹರಳಿನ ಮೈಮೇಲೆ ವಿದ್ಯುದಾವೇಶ ಕೂಡಿಕೊಂಡು ಹರಳು ಸೀಳಬಹುದು.

ನನ್ನ ವೇವ್‌ಗೈಡ್ ಸಾಗಿಸಿದ್ದು ಲಂಬ ಧ್ರುವೀಕರಣದ, ಅಂದರೆ ಮೇಲೆ ಕೆಳಗೆ ಕಂಪಿಸುವ, ಬೆಳಕನ್ನು ಮಾತ್ರ. ಹರಳಿನ ಅತ್ಯಂತ ಪ್ರಬಲ ಅರೇಖೀಯ ಗುಣಾಂಕಕ್ಕೆ ಬೇಕಾದದ್ದೂ ಅದೇ ಆಗಿತ್ತು. ಅವಕೆಂಪು ಬೆಳಕನ್ನು ಒಳಗೆ ಕೂಡಿಸಿ, ಎರಡು ಬೆಳಕುಗಳ ಹೆಜ್ಜೆ ಸರಿಹೊಂದಿಸಲು ತಾಪಮಾನವನ್ನು ಡಿಗ್ರಿಯ ಹತ್ತನೇ ಒಂದು ಭಾಗದ ಹೆಜ್ಜೆಗಳಲ್ಲಿ ಏರಿಸುತ್ತ ಹೋದಂತೆ, ವೇವ್‌ಗೈಡ್ ಇಲ್ಲದ ಹರಳಿಗೆ ಒಗ್ಗಿದ್ದ ತಾಪಮಾನದಿಂದ ಸ್ವಲ್ಪ ಸರಿದ ಜಾಗದಲ್ಲಿ, ಪರದೆಯ ಮೇಲೆ ಮೊದಲು ಮಸುಕಾದ ಹಸಿರು ಮೂಡಿತು, ನಂತರ ಅದು ಒಂದೇ ದುಂಡು ಚುಕ್ಕೆಯಾಗಿ ಬೆಳಗಿತು. ಒಂದೆರಡು ಡಿಗ್ರಿ ದಾಟಿದೊಡನೆ ಮತ್ತೆ ಮಂಕಾಯಿತು.

ಕೊನೆಗೆ ಲೆನ್ಸ್‌ಗಳನ್ನು ತೆಗೆದು, ಅವಕೆಂಪು ಲೇಸರ್ ಅನ್ನು ಹರಳಿನ ಮುಖಕ್ಕೆ ನೇರವಾಗಿ ಒತ್ತಿ ನಿಲ್ಲಿಸಿದಾಗ ಹಸಿರು ನಡುಗತೊಡಗಿತು. ಲೇಪವಿಲ್ಲದ ಪ್ರತಿ ಮುಖವೂ ಸುಮಾರು ಶೇ 14ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸಿ ಲೇಸರ್‌ನ ಸ್ಥಿರತೆಯನ್ನು ಕೆಡಿಸುತ್ತಿತ್ತು. ಎರಡೂ ಮುಖಗಳಿಗೆ ಪ್ರತಿಫಲನ ತಡೆಯುವ ಲೇಪ ಹಾಕಿಸಿದ ಮೇಲೆಯೇ ಆ ನಡುಕ ನಿಂತಿತು.