ಬಲಗಡೆ ಆಕ್ಸಿಸ್ ಕೈಕೊಟ್ಟಾಗ

ಹೋದ ತಿಂಗಳು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಒಳಗೆ ಕೂತಿದ್ದೆ. ಹರಾಜು ಮುಗಿದಿತ್ತು. ಲೆಕ್ಕ ಬರೆಯುವ ಹುಡುಗ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಸಾರ್, ರೇಟು ಎಲ್ಲಿ ಹೋಯ್ತು ನೋಡಿ" ಅಂದ. ಎಕ್ಸೆಲ್‌ನಲ್ಲಿ ಹಾಕಿದ ಚಾರ್ಟ್ ಅದು. ಮಾರುಕಟ್ಟೆಗೆ ದಿನಾ ಬಂದ ಬಾಕ್ಸುಗಳ ನೀಲಿ ಕಂಬಗಳು ಎತ್ತರಕ್ಕೆ ನಿಂತಿದ್ದವು. ರೇಟಿನ ಗೆರೆ ಮಾತ್ರ ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ಇದರಲ್ಲಿ ಆಶ್ಚರ್ಯ ಏನಿಲ್ಲ. ಒಂದು ದಿನ 50,000 ಬಾಕ್ಸ್ ಬಂದಿದೆ, ಬಾಕ್ಸಿಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಇಟ್ಟರೆ 400 ಕಾಣುವುದೇ ಇಲ್ಲ. 2023ರ ಜುಲೈನಲ್ಲಿ ಇಲ್ಲೇ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಊರೆಲ್ಲ ಅದೇ ಮಾತಾಗಿತ್ತಲ್ಲ, ಆ ಎರಡು ಸಾವಿರವೂ ಐವತ್ತು ಸಾವಿರದ ಪಕ್ಕ ಹುಲ್ಲುಕಡ್ಡಿಯೇ. ಅದಕ್ಕೇ ಬಲಗಡೆ ಇನ್ನೊಂದು ಅಳತೆ ಹಾಕುತ್ತೇವೆ. ಅದೇ ಸೆಕೆಂಡರಿ ಆಕ್ಸಿಸ್.

ಆದರೆ ಈ ಹುಡುಗ ಅದನ್ನೂ ಹಾಕಿದ್ದ. ಆದರೂ ಗೆರೆ ಮೇಲೇಳಲಿಲ್ಲ. ಅವನ ತಪ್ಪು ಏನು ಅಂತ ಆಮೇಲೆ ಹೇಳುತ್ತೇನೆ, ಮೊದಲಿನಿಂದ ಬರೋಣ. ಮೆನು ಹೆಸರುಗಳೆಲ್ಲ ಎಕ್ಸೆಲ್ 2013 ಮತ್ತು ಅದರ ನಂತರದವು.

ಹೆಜ್ಜೆ 1: ಅಂಕಿ ನಿಜವಾಗಿ ಅಂಕಿಯೇನಾ?

ಚಾರ್ಟ್ ಮುಟ್ಟುವ ಮೊದಲು ಇದನ್ನು ನೋಡಿ. ರೇಟು ಬರುವುದು ವಾಟ್ಸಾಪಿನಲ್ಲಿ, "450/-" ಅಂತಲೋ "ರೂ. 450" ಅಂತಲೋ. ಅದನ್ನು ಹಾಗೇ ಕಾಪಿ ಮಾಡಿ ಅಂಟಿಸಿದರೆ ಎಕ್ಸೆಲ್ ಅದನ್ನು ಅಕ್ಷರ ಅಂದುಕೊಳ್ಳುತ್ತದೆ, ಚಾರ್ಟಿನಲ್ಲಿ ಸೊನ್ನೆ ಅಂತ ಬರೆಯುತ್ತದೆ. ಆಗ ಯಾವ ಆಕ್ಸಿಸ್ ಹಾಕಿದರೂ ಗೆರೆ ನೆಲ ಬಿಟ್ಟು ಏಳುವುದಿಲ್ಲ. ಪರೀಕ್ಷೆ ಸುಲಭ. ರೇಟಿನ ಕಾಲಂ ಸೆಲೆಕ್ಟ್ ಮಾಡಿ, ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಸಮ್ (ಮೊತ್ತ) ತೋರಿಸಿದರೆ ಅಂಕಿ ಇದೆ ಅಂತ, ಆದರೆ ನಡುವೆ ಒಂದೆರಡು ಅಕ್ಷರ ಸೇರಿದ್ದರೂ ಸಮ್ ಬರುತ್ತದೆ. ಬರೀ ಕೌಂಟ್ ಬಂದರೆ ಅಲ್ಲಿರುವುದೆಲ್ಲ ಅಕ್ಷರ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ "/-" ಮತ್ತು "ರೂ." ತೆಗೆದುಹಾಕಿ. ಆಮೇಲೂ ಹಠ ಮಾಡಿದರೆ ಡೇಟಾ ಟ್ಯಾಬಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ, ಏನೂ ಬದಲಿಸದೆ ನೇರ ಫಿನಿಶ್ ಕೊಡಿ. ತಾರೀಖನ್ನು ಚುಕ್ಕಿ ಇಟ್ಟು ಬರೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಬಹಳ ಸಲ ಅದೂ ಅಕ್ಷರವಾಗಿಯೇ ಕೂರುತ್ತದೆ.

ಹೆಜ್ಜೆ 2: ಚಾರ್ಟ್ ಹಾಕಿ

ಇನ್ಸರ್ಟ್, ರೆಕಮೆಂಡೆಡ್ ಚಾರ್ಟ್ಸ್, ಆಲ್ ಚಾರ್ಟ್ಸ್, ಕಾಂಬೊ. ಬಾಕ್ಸಿಗೆ ಕಾಲಂ (ಕಂಬ), ರೇಟಿಗೆ ಲೈನ್ (ಗೆರೆ), ರೇಟಿನ ಮುಂದೆ ಸೆಕೆಂಡರಿ ಆಕ್ಸಿಸ್ ಟಿಕ್. ಅಷ್ಟೇ.

3ಡಿ ಚಾರ್ಟ್ ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. 3ಡಿಯಲ್ಲಿ ಸೆಕೆಂಡರಿ ಆಕ್ಸಿಸ್ ಸಿಗುವುದೇ ಇಲ್ಲ. ಪೆನ್‌ಡ್ರೈವಿನಲ್ಲಿ "ಸಾವಿರ ಟೆಂಪ್ಲೇಟು" ಅಂತ ಮಾರುವ ಪೊಟ್ಟಣ ಒಂದನ್ನು ನಾನೂ ಒಮ್ಮೆ ದುಡ್ಡು ಕೊಟ್ಟು ತಂದಿದ್ದೆ. ಅರ್ಧಕ್ಕರ್ಧ 3ಡಿ ಕಂಬಗಳು, ಹಿಂದೆ ಸೂರ್ಯಾಸ್ತದ ಬಣ್ಣ. ಒಂದೂ ಕೆಲಸಕ್ಕೆ ಬರಲಿಲ್ಲ.

ಇನ್ನು ಯಾವುದು ಎಡಕ್ಕೆ, ಯಾವುದು ಬಲಕ್ಕೆ? ಕಂಬ ಎಡಕ್ಕೆ, ಗೆರೆ ಬಲಕ್ಕೆ. ಇದರಲ್ಲಿ ಚರ್ಚೆ ಬೇಡ. ಸೆಕೆಂಡರಿ ಆಕ್ಸಿಸ್‌ನಲ್ಲಿ ಇರುವುದನ್ನು ಎಕ್ಸೆಲ್ ಯಾವಾಗಲೂ ಮೇಲ್ಗಡೆ ಬಿಡಿಸುತ್ತದೆ. ಕಂಬವನ್ನು ಬಲಕ್ಕೆ ಕಳಿಸಿದಿರೋ, ಅದು ಗೆರೆಯ ಮೇಲೆ ಬಂದು ಕೂತು ಅದನ್ನು ಮುಚ್ಚಿಹಾಕುತ್ತದೆ.

ಎರಡೂ ಕಂಬಗಳೇ ಬೇಕು ಅನ್ನುವವರು ಇದ್ದಾರೆ. ಹಾಗೆ ಮಾಡಿದರೆ ಒಂದರ ಪಕ್ಕ ಒಂದು ಬರುವುದಿಲ್ಲ, ಒಂದರ ಮೇಲೊಂದು ಬರುತ್ತವೆ. ಎಡ ಆಕ್ಸಿಸ್‌ನ ಕಂಬಗಳಿಗೂ ಬಲ ಆಕ್ಸಿಸ್‌ನ ಕಂಬಗಳಿಗೂ ಪರಸ್ಪರ ಪರಿಚಯವೇ ಇಲ್ಲ, ಎರಡೂ ಅದೇ ಜಾಗ ನಂದು ಅನ್ನುತ್ತವೆ. ಎಡಕ್ಕೆ ನಿಜವಾದ ಸೀರೀಸ್ (ಚಾರ್ಟಿಗೆ ಹೋಗುವ ಒಂದು ಸಾಲು ಅಂಕಿ) ಆದಮೇಲೆ ಒಂದು ಖಾಲಿ ಸೀರೀಸ್, ಬಲಕ್ಕೆ ಮೊದಲು ಖಾಲಿ ಆಮೇಲೆ ನಿಜವಾದದ್ದು, ಹೀಗೆ ಇಟ್ಟರೆ ಪಕ್ಕಪಕ್ಕ ನಿಲ್ಲುತ್ತವೆ. ಮಾಡಬಹುದು. ಆದರೆ ನಾಳೆ ಇನ್ನೊಬ್ಬರು ಆ ಫೈಲ್ ತೆರೆದು, ಖಾಲಿ ಕಾಲಂ ಯಾಕೆ ಅಂತ ಅಳಿಸಿಹಾಕುತ್ತಾರೆ. ಸುಮ್ನೆ ಗೆರೆ ಹಾಕಿ.

ಹೆಜ್ಜೆ 3: ಕಾಣದ ಗೆರೆಯನ್ನು ಹಿಡಿಯುವುದು

ಹಳೇ ಚಾರ್ಟಿಗೆ ಬಲ ಆಕ್ಸಿಸ್ ಸೇರಿಸಬೇಕು, ಆದರೆ ಗೆರೆ ನೆಲದಲ್ಲಿದೆ, ಮೌಸಿಗೆ ಸಿಗುತ್ತಿಲ್ಲ. ಚಾರ್ಟಿನ ಮೇಲೆ ಒಮ್ಮೆ ಒತ್ತಿ, ಫಾರ್ಮ್ಯಾಟ್ ಟ್ಯಾಬಿಗೆ ಹೋಗಿ. ಎಡ ತುದಿಯಲ್ಲಿ ಒಂದು ಪಟ್ಟಿ ಬೀಳುತ್ತದೆ, ಅದರಲ್ಲಿ ರೇಟಿನ ಸೀರೀಸ್ ಹೆಸರನ್ನು ಆರಿಸಿ. ಅದರ ಕೆಳಗಿನ ಫಾರ್ಮ್ಯಾಟ್ ಸೆಲೆಕ್ಷನ್ ಒತ್ತಿ, ಸೆಕೆಂಡರಿ ಆಕ್ಸಿಸ್ ಗುರುತು ಮಾಡಿ.

ಹೆಜ್ಜೆ 4: ಎರಡು ಅಳತೆಗಳನ್ನು ಹೊಂದಿಸುವುದು

ಜಾಸ್ತಿ ಜನ ಎಡವುವುದು ಇಲ್ಲಿ. ಚಾರ್ಟ್ ಬಂತು, ಗೆರೆ ಕಂಡಿತು ಅಂತ ಪ್ರಿಂಟ್ ತೆಗೆದುಬಿಡುತ್ತಾರೆ.

ಎಕ್ಸೆಲ್ ಎರಡೂ ಆಕ್ಸಿಸ್‌ಗಳಿಗೆ ಬೇರೆ ಬೇರೆ ಲೆಕ್ಕ ಹಾಕುತ್ತದೆ. ಎಡಗಡೆ 0ಯಿಂದ 1,00,000 ತನಕ 20,000ರ ಮೆಟ್ಟಿಲು, ಅಂದರೆ 5 ಮೆಟ್ಟಿಲು. ಬಲಗಡೆ 0ಯಿಂದ 900 ತನಕ 100ರ ಮೆಟ್ಟಿಲು, ಅಂದರೆ 9. ಅಡ್ಡಗೆರೆಗಳು ಎಡಗಡೆಯವಕ್ಕೆ ಮಾತ್ರ ಇರುತ್ತವೆ. ಬಲಗಡೆಯ 300 ಯಾವ ಅಡ್ಡಗೆರೆಗೂ ಸೇರುವುದಿಲ್ಲ, ಓದುವವರು ಕಣ್ಣಳತೆಯಲ್ಲೇ ಊಹಿಸಬೇಕು. ಬಲಗಡೆಗೂ ಅಡ್ಡಗೆರೆ ಹಾಕಿದರೆ ಜಾಲರಿ ಆಗುತ್ತದೆ, ಅದನ್ನಂತೂ ಮಾಡಬೇಡಿ.

ದಾರಿ ಇದು. ಬಲ ಆಕ್ಸಿಸ್‌ನ ನಂಬರುಗಳ ಮೇಲೆ ಎರಡು ಸಲ ಒತ್ತಿ. ಬದಿಯಲ್ಲಿ ತೆರೆಯುವ ಆಕ್ಸಿಸ್ ಆಪ್ಷನ್ಸ್‌ನಲ್ಲಿ ಮಿನಿಮಮ್ 0, ಮ್ಯಾಕ್ಸಿಮಮ್ 1000, ಮೇಜರ್ ಯೂನಿಟ್ (ಮೆಟ್ಟಿಲು) 200 ಅಂತ ಕೈಯಾರೆ ಬರೆಯಿರಿ. ಎಡಕ್ಕೆ 0, 100000, 20000. ಈಗ ಎರಡೂ ಕಡೆ ಐದೈದು ಮೆಟ್ಟಿಲು, ಒಂದೇ ಅಡ್ಡಗೆರೆ ಎರಡೂ ಕಡೆಗೆ ಸಾಕು. ಎಡಗಡೆಯದು ತಾನಾಗೇ ಸರಿಯಿದೆ ಅಂತ ಬಿಡಬೇಡಿ, ಅಲ್ಲೂ ಬರೆಯಿರಿ, ಇಲ್ಲದಿದ್ದರೆ ಮುಂದಿನ ವಾರ ಹೊಸ ಅಂಕಿ ಸೇರಿದಾಗ ಅದೊಂದೇ ಬದಲಾಗಿ ಮತ್ತೆ ಹೊಂದಾಣಿಕೆ ತಪ್ಪುತ್ತದೆ.

ಕೈಯಾರೆ ಬರೆದುದಕ್ಕೆ ಒಂದು ದಂಡವೂ ಇದೆ. ರೇಟು 1,400ಕ್ಕೆ ಹಾರಿದ ದಿನ ನಿಮ್ಮ ಚಾರ್ಟ್ 1,000ದಲ್ಲೇ ನಿಂತಿರುತ್ತದೆ, ಗೆರೆ ಮೇಲಿನಿಂದ ಆಚೆ ಹೊರಟುಹೋಗುತ್ತದೆ. ಟೊಮೆಟೊ ವಿಷಯದಲ್ಲಿ ಇದು ಆಗೇ ಆಗುತ್ತದೆ. ಮ್ಯಾಕ್ಸಿಮಮ್ ಬರೆದ ಜಾಗದ ಪಕ್ಕದಲ್ಲಿರುವ ರಿಸೆಟ್ ಒತ್ತಿದರೆ ಮತ್ತೆ ಎಕ್ಸೆಲ್ ಲೆಕ್ಕಕ್ಕೆ ಮರಳುತ್ತದೆ, ಆಮೇಲೆ ಹೊಸದಾಗಿ ಹೊಂದಿಸಿ.

ಮೈನಸ್ ಅಂಕಿ ಬಂದರೆ ಇನ್ನೂ ಗೋಳು. ಎಡಕ್ಕೆ ತಿಂಗಳ ವ್ಯಾಪಾರ 50 ಲಕ್ಷದ ತನಕ, ಬಲಕ್ಕೆ ಲಾಭ 5 ಲಕ್ಷದ ತನಕ, ನಡುವೆ ಎರಡು ತಿಂಗಳು ನಷ್ಟ ಅಂತಿಟ್ಟುಕೊಳ್ಳಿ. ಎಡಗಡೆ ಸೊನ್ನೆ ತಳದಲ್ಲಿರುತ್ತದೆ, ಬಲಗಡೆ ಸೊನ್ನೆ ಸ್ವಲ್ಪ ಮೇಲೆ. ನಷ್ಟದ ತಿಂಗಳೂ ತಳದ ಗೆರೆಯ ಮೇಲೇ ಕಾಣುತ್ತದೆ, ನೋಡಿದವರು ಲಾಭ ಅಂದುಕೊಳ್ಳುತ್ತಾರೆ. ಎರಡೂ ಕಡೆ ಮಿನಿಮಮ್‌ಗೂ ಮ್ಯಾಕ್ಸಿಮಮ್‌ಗೂ ನಡುವೆ ಒಂದೇ ಅನುಪಾತ ಇಟ್ಟರೆ ಸೊನ್ನೆಗಳು ಒಂದೇ ಸಾಲಿಗೆ ಬರುತ್ತವೆ. ಲಕ್ಷದ ಲೆಕ್ಕದಲ್ಲಿ ಬಲಕ್ಕೆ -1ರಿಂದ 5, ಮೆಟ್ಟಿಲು 1. ಎಡಕ್ಕೆ -10ರಿಂದ 50, ಮೆಟ್ಟಿಲು 10. ಆಗ ಎಡಗಡೆ "-10" ಅನ್ನುವ ಅರ್ಥವಿಲ್ಲದ ನಂಬರು ಕಾಣುತ್ತದೆ, ವ್ಯಾಪಾರ ಮೈನಸ್ ಆಗುತ್ತದಾ? ಅದನ್ನು ಮರೆಮಾಡಲು ಆ ಆಕ್ಸಿಸ್‌ನ ನಂಬರ್ ಭಾಗದಲ್ಲಿ ಫಾರ್ಮ್ಯಾಟ್ ಕೋಡ್ #,##0;;0 ಅಂತ ಹಾಕಿ ಆಡ್ ಒತ್ತಿ. ಎರಡು ಸೆಮಿಕೋಲನ್ ನಡುವೆ ಖಾಲಿ ಇರುವುದರಿಂದ ಮೈನಸ್ ಅಂಕಿ ಕಾಣಿಸುವುದಿಲ್ಲ.

ಕಂಬ ಇರುವ ಆಕ್ಸಿಸ್ ಸೊನ್ನೆಯ ಮೇಲಿಂದ ಶುರುವಾಗಬಾರದು. ಕಂಬದ ಎತ್ತರವೇ ಅಂಕಿ, ಬುಡ ಕತ್ತರಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಅಂಕಿಗಳೆಲ್ಲ ಒಂದಕ್ಕೊಂದು ಹತ್ತಿರ ಇದ್ದರೆ ಎಕ್ಸೆಲ್ ತಾನೇ ಬುಡ ಕತ್ತರಿಸಿಬಿಡುತ್ತದೆ, ಕಣ್ಣಿಡಿ. ಗೆರೆಗೆ ಈ ಕಟ್ಟು ಇಲ್ಲ. ಹಾಗಂತ ರೇಟನ್ನು 380ರಿಂದ 420ರ ಅಳತೆಯಲ್ಲಿಟ್ಟು ಬೆಟ್ಟ ಕಣಿವೆ ತೋರಿಸುವುದೂ ಬೇಡ. ಇನ್ನು ಗೆರೆ ಕಂಬವನ್ನು ದಾಟಿದ ಜಾಗ ತೋರಿಸಿ "ನೋಡಿ ಸಾರ್, ಇಲ್ಲಿ ರೇಟು ಮೇಲಾಯ್ತು" ಅನ್ನುವವರಿದ್ದಾರೆ. ರೂಪಾಯಿಯೂ ಬಾಕ್ಸೂ ಹೇಗೆ ದಾಟುತ್ತವೆ? ನೀವು 1000 ಬದಲು 2000 ಹಾಕಿದರೆ ದಾಟುವ ಜಾಗವೇ ಬದಲಾಗುತ್ತದೆ.

ಹೆಜ್ಜೆ 5: ಡಿಲೀಟ್ ಒತ್ತಬೇಡಿ

ಮಂಡಿ ಹುಡುಗನ ಕಥೆ ಇದೇ. ಅವನು ಸೆಕೆಂಡರಿ ಆಕ್ಸಿಸ್ ಸರಿಯಾಗಿ ಹಾಕಿದ್ದ. ಆಮೇಲೆ ಬಲಗಡೆಯ ನಂಬರುಗಳು ಚೆನ್ನಾಗಿ ಕಾಣಲಿಲ್ಲ ಅಂತ ಅವನ್ನು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ದ. ನಂಬರು ಮಾತ್ರ ಹೋಗುತ್ತದೆ ಅಂದುಕೊಂಡಿದ್ದ, ಅಳತೆಯೇ ಹೋಯಿತು. ರೇಟು ಮತ್ತೆ ಎಡಗಡೆಯ ಅಳತೆಗೆ ಬಿದ್ದು ನೆಲ ಕಚ್ಚಿತು. ಚಾರ್ಟಿನ ಪಕ್ಕದ ಪ್ಲಸ್ ಗುರುತು ಒತ್ತಿ, ಆಕ್ಸಿಸ್‌ನಲ್ಲಿ ಸೆಕೆಂಡರಿ ವರ್ಟಿಕಲ್ ಟಿಕ್ ಮಾಡಿದೆ, ಗೆರೆ ಎದ್ದು ನಿಂತಿತು. "ಅಷ್ಟೇನಾ ಸಾರ್?" ಅಂದ, ಮುಖ ಸ್ವಲ್ಪ ಸಣ್ಣದಾಯಿತು.

ನಂಬರು ಬೇಡವೆಂದರೆ ಲೇಬಲ್ ಪೊಸಿಷನ್‌ನಲ್ಲಿ ನನ್ (None) ಅಂತ ಇಡಿ. ಅಳತೆ ಉಳಿಯುತ್ತದೆ, ನಂಬರು ಹೋಗುತ್ತದೆ. ನಾನಂತೂ ನಂಬರು ಉಳಿಸಿಯೇ ಇರುತ್ತೇನೆ, ಗೆರೆ ಕೆಂಪಾದರೆ ಬಲಗಡೆಯ ನಂಬರಿಗೂ ಅದೇ ಕೆಂಪು. ಯಾವುದು ಯಾವುದರದ್ದು ಅಂತ ಯಾರೂ ಕೇಳುವುದಿಲ್ಲ.

ಅದೇ ಪಟ್ಟಿಯಲ್ಲಿ ಸೆಕೆಂಡರಿ ಹಾರಿಜಾಂಟಲ್ ಅಂತಲೂ ಇದೆ. ಮುಟ್ಟಬೇಡಿ. ಚಾರ್ಟಿನ ತಲೆಯ ಮೇಲೆ ಇನ್ನೊಂದು ಸಾಲು ಬಂದು ಕೂರುತ್ತದೆ, ಇಲ್ಲಿ ನಮಗೆ ಅದರ ಕೆಲಸವಿಲ್ಲ.

ವ್ಯಾಪಾರ ಇಲ್ಲದ ದಿನ ಗೆರೆ ಸೊನ್ನೆಗೆ ಧುಮುಕುತ್ತಿದೆಯಾ? ಆ ಸೆಲ್‌ನಲ್ಲಿ ಖಾಲಿ ಕೊಟೇಶನ್ ಗುರುತು ("") ಕೊಡುವ ಫಾರ್ಮುಲಾ ಇರುತ್ತದೆ, ಎಕ್ಸೆಲ್‌ಗೆ ಅದು ಸೊನ್ನೆ. ಸೆಲ್ ಪೂರ್ತಿ ಖಾಲಿ ಮಾಡಿ. ಸೆಲೆಕ್ಟ್ ಡೇಟಾದೊಳಗೆ ಹಿಡನ್ ಅಂಡ್ ಎಂಪ್ಟಿ ಸೆಲ್ಸ್‌ನಲ್ಲಿ ಗ್ಯಾಪ್ಸ್ ಆರಿಸಿ.

ಗೂಗಲ್ ಶೀಟ್ಸ್ ಬಳಸುವವರು ಚಾರ್ಟ್ ಎಡಿಟರ್, ಕಸ್ಟಮೈಸ್, ಸೀರೀಸ್‌ಗೆ ಹೋಗಿ ರೇಟನ್ನು ಆರಿಸಿ ರೈಟ್ ಆಕ್ಸಿಸ್ ಕೊಡಿ. ಮೇಲಿನ ಪಟ್ಟಿಯಲ್ಲಿ ಎಲ್ಲಾ ಸೀರೀಸ್ ಅಂತಿದ್ದಾಗಲೇ ಕೊಟ್ಟರೆ ಬಾಕ್ಸೂ ರೇಟೂ ಎರಡೂ ಬಲಕ್ಕೆ ಹೋಗಿ, ಶುರುವಿನಲ್ಲಿದ್ದ ಜಾಗಕ್ಕೇ ಬರುತ್ತೀರಿ. ಲಿಬ್ರೆ ಆಫೀಸಿನಲ್ಲಿ ಸೀರೀಸ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಡೇಟಾ ಸೀರೀಸ್, ಆಪ್ಷನ್ಸ್, ಸೆಕೆಂಡರಿ ವೈ ಆಕ್ಸಿಸ್. ಫೋನಿನಲ್ಲಿ ಮಾಡಲು ಹೋಗಬೇಡಿ, ಬೆರಳು ದಪ್ಪ, ಗೆರೆ ಸಣ್ಣ.

ಕಪ್ಪು ಬಿಳುಪು ಜೆರಾಕ್ಸ್ ಹಂಚುವುದಾದರೆ ರೇಟಿನ ಗೆರೆಯನ್ನು ಡ್ಯಾಶ್ ಮಾಡಿ, ಕಂಬಕ್ಕೆ ತಿಳಿ ಬೂದು ಕೊಡಿ. ಕೆಂಪೂ ನೀಲಿಯೂ ಜೆರಾಕ್ಸ್ ಮೆಷಿನ್ನಿಗೆ ಒಂದೇ.