ಡಿಪಿಎಸ್ ಒಂದೇ ಇದ್ದರೂ ಪೆಟ್ಟು ಒಂದೇ ಅಲ್ಲ: ಆಟದ ಆಯುಧಗಳನ್ನು ಹೋಲಿಸುವುದು ಹೇಗೆ?

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್’ ಆಟದಲ್ಲಿ 60ನೇ ಲೆವೆಲ್ ಮುಟ್ಟಿದ ರೋಗ್‌ಗಳು (ಎರಡೂ ಕೈಯಲ್ಲಿ ಆಯುಧ ಹಿಡಿದು ಹೋರಾಡುವ ಬಗೆಯ ಪಾತ್ರಗಳು) ಒಂದಲ್ಲ ಒಂದು ದಿನ ಅಪ್ಪರ್ ಬ್ಲ್ಯಾಕ್‌ರಾಕ್ ಸ್ಪೈರ್ ಎಂಬ ಕೋಟೆಯ ಬಾಗಿಲು ತಟ್ಟುತ್ತಾರೆ. ಅಲ್ಲಿ ವಾರ್‌ಚೀಫ್ ರೆಂಡ್ ಬ್ಲ್ಯಾಕ್‌ಹ್ಯಾಂಡ್‌ನನ್ನು ಸೋಲಿಸಿದಾಗ, ಅದೃಷ್ಟ ಕೂಡಿಬಂದರೆ, ಡಾಲ್‌ರೆಂಡ್ಸ್ ಜೋಡಿಯ ಕತ್ತಿಯೊಂದು ಸಿಗುತ್ತದೆ. ಸೇಕ್ರೆಡ್ ಚಾರ್ಜ್ ಮುಖ್ಯ ಕೈಗೆ, ಟ್ರೈಬಲ್ ಗಾರ್ಡಿಯನ್ ಇನ್ನೊಂದು ಕೈಗೆ. ಎರಡರ ಮೇಲೂ ಮೌಸ್ ಇಟ್ಟು ನೋಡಿದರೆ ಕಾಣುವ ಡಿಪಿಎಸ್, ಅಂದರೆ ಸೆಕೆಂಡಿಗೆ ಬೀಳುವ ಹಾನಿ, 41.4. ಹಾಗಿದ್ದ ಮೇಲೆ ಎರಡೂ ಸಮ ಎಂದು ಹೊಸಬರು ತೀರ್ಮಾನಿಸಿಬಿಡುತ್ತಾರೆ. ಆಯುಧಗಳನ್ನು ಹೋಲಿಸುವ ವಿಧಾನವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಮೊದಲು ಆ 41.4 ಎಲ್ಲಿಂದ ಬಂತೆಂದು ನೀವೇ ಒಮ್ಮೆ ಲೆಕ್ಕ ಹಾಕಿ. ಸೇಕ್ರೆಡ್ ಚಾರ್ಜ್‌ನ ಹಾನಿ 81ರಿಂದ 151, ವೇಗ, ಅಂದರೆ ಒಂದು ಬೀಸಿಗೆ ಹಿಡಿಯುವ ಸಮಯ, 2.80 ಸೆಕೆಂಡ್. ಕನಿಷ್ಠ, ಗರಿಷ್ಠಗಳನ್ನು ಕೂಡಿಸಿ ಅರ್ಧ ಮಾಡಿದರೆ ಸರಾಸರಿ ಪೆಟ್ಟು 116, ಅದನ್ನು 2.8ರಿಂದ ಭಾಗಿಸಿದರೆ 41.4. ಟ್ರೈಬಲ್ ಗಾರ್ಡಿಯನ್‌ನ ಹಾನಿ 52ರಿಂದ 97, ವೇಗ 1.80, ಸರಾಸರಿ ಪೆಟ್ಟು 74.5, 1.8ರಿಂದ ಭಾಗಿಸಿದರೂ ಅದೇ 41.4. ಮೊದಲನೆಯದು ನಿಧಾನವಾಗಿ ಬೀಸಿ ಜೋರಾಗಿ ಹೊಡೆಯುವ ಕತ್ತಿ, ಎರಡನೆಯದು ಬೇಗ ಬೇಗ ಬೀಸಿ ಹಗುರವಾಗಿ ಹೊಡೆಯುವ ಕತ್ತಿ. ನೋಟ್‌ಬುಕ್ಕಿನಲ್ಲಿ ಡಿಪಿಎಸ್‌ನ ಪಕ್ಕದಲ್ಲಿ ಸರಾಸರಿ ಪೆಟ್ಟಿಗೂ ವೇಗಕ್ಕೂ ಒಂದೊಂದು ಕಾಲಂ ಹಾಕಿಕೊಳ್ಳಿ, ಮುಂದಿನ ಲೆಕ್ಕವೆಲ್ಲ ಅವುಗಳ ಮೇಲೆಯೇ ನಿಂತಿದೆ.

ಇದಕ್ಕೆ ನಿಮ್ಮ ಪಾತ್ರದ ಅಟ್ಯಾಕ್ ಪವರ್ (ಹೊಡೆಯುವ ಶಕ್ತಿಯ ಅಂಕ) ಸೇರಿಸಬೇಕು. ಪ್ರತಿ 14 ಅಟ್ಯಾಕ್ ಪವರ್‌ಗೆ 1 ಡಿಪಿಎಸ್ ಎಂಬುದು ಈ ಆಟದ ನಿಯಮ. ನಿಮ್ಮಲ್ಲಿ 700 ಇದೆ ಎಂದಿಟ್ಟುಕೊಂಡರೆ ಅದು 50 ಡಿಪಿಎಸ್ ಆಗುತ್ತದೆ, ಪ್ರತಿ ಪೆಟ್ಟಿಗೆ ಎಷ್ಟು ಸೇರುತ್ತದೆ ಎಂಬುದನ್ನು ಆಯುಧದ ವೇಗ ನಿರ್ಧರಿಸುತ್ತದೆ. 50ನ್ನು 2.8ರಿಂದ ಗುಣಿಸಿದರೆ ಸೇಕ್ರೆಡ್ ಚಾರ್ಜ್‌ಗೆ 140 ಸೇರಿ ಪೆಟ್ಟು 256 ಆಗುತ್ತದೆ. ಟ್ರೈಬಲ್ ಗಾರ್ಡಿಯನ್‌ಗೆ 90 ಸೇರಿ 164.5 ಆಗುತ್ತದೆ. ವೇಗದಿಂದ ಭಾಗಿಸಿದರೆ ಎರಡೂ ಮತ್ತೆ 91.4ಕ್ಕೇ ಬಂದು ನಿಲ್ಲುತ್ತವೆ. ತಾನಾಗಿಯೇ ಬೀಳುವ ಸಾಮಾನ್ಯ ಹೊಡೆತದ ಮಟ್ಟಿಗೆ ಕತ್ತಿಗಳೆರಡೂ ಸಮ ಎಂಬುದು ನಿಜವೇ. ಬಹಳ ಮಂದಿ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ನಿಲ್ಲಿಸಬಾರದ ಜಾಗ ಇದು.

ರೋಗ್‌ನ ಕೈಯಲ್ಲಿರುವ ಮುಖ್ಯ ಅಸ್ತ್ರ ಸಿನಿಸ್ಟರ್ ಸ್ಟ್ರೈಕ್ ಎಂಬ ವಿಶೇಷ ಹೊಡೆತ. ಅದರ ಎಂಟನೇ ರ್‍ಯಾಂಕ್, ಮುಖ್ಯ ಕೈಯ ಆಯುಧದ ಒಂದು ಪೆಟ್ಟಿಗೆ 68 ಹಾನಿ ಸೇರಿಸಿ ಹೊಡೆಯುತ್ತದೆ. ಇಂಥ ಹೊಡೆತಗಳಲ್ಲಿ ಅಟ್ಯಾಕ್ ಪವರ್‌ನ ಪಾಲನ್ನು ಆಯುಧದ ನಿಜವಾದ ವೇಗದಿಂದಲ್ಲ, ನಿಗದಿತ ವೇಗದಿಂದ ಗುಣಿಸಲಾಗುತ್ತದೆ: ಬಾಕುವಿಗೆ 1.7, ಉಳಿದ ಒಂದು ಕೈಯ ಆಯುಧಗಳಿಗೆ 2.4, ಎರಡು ಕೈಯವಕ್ಕೆ 3.3. ಹಾಗಾಗಿ ನಮ್ಮ ಎರಡೂ ಕತ್ತಿಗಳಿಗೆ ಅಟ್ಯಾಕ್ ಪವರ್‌ನಿಂದ ಸಿಗುವುದು ಒಂದೇ ಮೊತ್ತ, 120. ಸೇಕ್ರೆಡ್ ಚಾರ್ಜ್‌ನಲ್ಲಿ 116, 120, 68 ಸೇರಿ 304. ಟ್ರೈಬಲ್ ಗಾರ್ಡಿಯನ್ ಮುಖ್ಯ ಕೈಗೆ ಬರುವುದಿಲ್ಲವಾದರೂ ಲೆಕ್ಕಕ್ಕಾಗಿ ಬಂತೆಂದುಕೊಂಡರೆ ಸಿಗುವುದು 262.5. ಒಂದೊಂದು ಹೊಡೆತಕ್ಕೂ 41.5ರ ಅಂತರ! ಸಿನಿಸ್ಟರ್ ಸ್ಟ್ರೈಕ್‌ಗೆ 45 ಎನರ್ಜಿ (ವಿಶೇಷ ಹೊಡೆತಗಳಿಗೆ ಖರ್ಚಾಗುವ ಚೈತನ್ಯ) ಬೇಕು, ಎರಡು ಸೆಕೆಂಡಿಗೆ 20 ಎನರ್ಜಿ ತುಂಬುತ್ತದೆ, ಅಂದರೆ ಸರಾಸರಿ ನಾಲ್ಕೂವರೆ ಸೆಕೆಂಡಿಗೊಂದು ಹೊಡೆತ. ಅಂತರವನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 9.2 ಹಾನಿ. ಟೂಲ್‌ಟಿಪ್‌ನಲ್ಲಿ ಸಮವಾಗಿ ಕಂಡ ಎರಡು ಕತ್ತಿಗಳ ನಡುವೆ ಇಷ್ಟು ದೊಡ್ಡ ವ್ಯತ್ಯಾಸ ಅಡಗಿತ್ತು.

ಎರಡನೇ ಕೈಯ ಲೆಕ್ಕ ಬೇರೆ. ಆ ಕೈಯ ಹಾನಿ, ಟ್ಯಾಲೆಂಟ್‌ಗಳು (ಆಟಗಾರ ಆರಿಸಿಕೊಳ್ಳುವ ಕೌಶಲಗಳು) ಇಲ್ಲದಿದ್ದರೆ, ಅರ್ಧಕ್ಕಿಳಿಯುತ್ತದೆ, ಸಿನಿಸ್ಟರ್ ಸ್ಟ್ರೈಕ್ ಅದನ್ನು ಬಳಸುವುದೂ ಇಲ್ಲ. ದೊಡ್ಡ ಪೆಟ್ಟಿನಿಂದ ಅಲ್ಲಿ ಲಾಭವಿಲ್ಲ. ಹೆಚ್ಚು ಸಲ ತಾಗುವುದೇ ಲಾಭ. ಆಯುಧಕ್ಕೆ ಹಚ್ಚುವ ಇನ್‌ಸ್ಟಂಟ್ ಪಾಯ್ಸನ್ ಎಂಬ ವಿಷ ಪ್ರತಿ ಹೊಡೆತಕ್ಕೆ ಶೇ 20ರ ಸಾಧ್ಯತೆಯಲ್ಲಿ ಕೆಲಸ ಮಾಡುತ್ತದೆ. 1.8ರ ಕತ್ತಿ ನಿಮಿಷಕ್ಕೆ 33 ಬಾರಿ ಬೀಸಿದರೆ, 2.8ರ ಕತ್ತಿ 21 ಬಾರಿ ಮಾತ್ರ ಬೀಸುತ್ತದೆ. ತಪ್ಪಿದ ಹೊಡೆತಗಳನ್ನು ಬದಿಗಿಟ್ಟರೆ ವಿಷ ಏರುವುದು ಮೊದಲನೆಯದರಲ್ಲಿ ಆರೇಳು ಸಲ, ಎರಡನೆಯದರಲ್ಲಿ ನಾಲ್ಕು ಸಲ. ನಿಧಾನದ ಕತ್ತಿ ಮುಖ್ಯ ಕೈಗೆ, ವೇಗದ್ದು ಇನ್ನೊಂದಕ್ಕೆ ಎಂದು ಹಳೆಯ ಆಟಗಾರರು ಹೇಳುವುದು ಇದೇ ಕಾರಣಕ್ಕೆ.

ಆಯುಧದ ಮೇಲಿನ ಉಳಿದ ಸಾಲುಗಳನ್ನೂ ಅಂಕಿಗೆ ಇಳಿಸಿಕೊಳ್ಳಿ. ರೋಗ್‌ಗೆ 1 ಸ್ಟ್ರೆಂತ್ (ಬಲ) ಎಂದರೆ 1 ಅಟ್ಯಾಕ್ ಪವರ್. 60ನೇ ಲೆವೆಲ್‌ನಲ್ಲಿ 29 ಅಜಿಲಿಟಿಗೆ (ಚುರುಕುತನ) ಶೇ 1 ಕ್ರಿಟ್, ಅಂದರೆ ಪೆಟ್ಟು ಮಾಮೂಲಿಗಿಂತ ಜೋರಾಗಿ ಬೀಳುವ ಸಾಧ್ಯತೆ. ಡಾಲ್‌ರೆಂಡ್ಸ್ ಜೋಡಿಯನ್ನು ಒಟ್ಟಿಗೆ ತೊಟ್ಟರೆ 50 ಅಟ್ಯಾಕ್ ಪವರ್ ಹೆಚ್ಚುವರಿಯಾಗಿ ಸಿಗುತ್ತದೆ. ಆದ್ದರಿಂದ ಜೋಡಿ ಮುರಿದು ಬೇರೊಂದು ಕತ್ತಿ ತರುವ ಮೊದಲು, ಮುಖ್ಯ ಕೈಯಲ್ಲಿ ಕಳೆದುಹೋಗುವ 3.6 ಡಿಪಿಎಸ್ಸನ್ನು ಹೊಸ ಕತ್ತಿಯ ಖಾತೆಯಿಂದ ಕಳೆಯಲೇಬೇಕು. ಎದುರಾಳಿಯ ಆರ್ಮರ್ (ರಕ್ಷಾಕವಚ) ಎರಡೂ ಕತ್ತಿಗಳ ಪೆಟ್ಟನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ ಹೋಲಿಕೆ ಕೆಡುವುದಿಲ್ಲ. ಆದರೆ ಬೆಂಕಿ, ವಿಷಗಳಂಥ ಹಾನಿಯನ್ನು ಆರ್ಮರ್ ತಡೆಯುವುದಿಲ್ಲ; ಅಂಥ ಗುಣವುಳ್ಳ ಆಯುಧವನ್ನು ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು.

ಕೊನೆಗೆ ಲೆಕ್ಕವನ್ನು ಕಣದಲ್ಲಿ ಪರೀಕ್ಷಿಸಿ. ಒಂದೇ ಬಗೆಯ ಶತ್ರು, ಅವೇ ಬಫ್‌ಗಳು (ಶಕ್ತಿ ಹೆಚ್ಚಿಸುವ ತಾತ್ಕಾಲಿಕ ಪ್ರಭಾವಗಳು), ಬದಲಾಗುವುದು ಆಯುಧ ಮಾತ್ರ. ಪ್ರತಿ ಹೊಡೆತವನ್ನೂ ದಾಖಲಿಸುವ ಕಾಂಬ್ಯಾಟ್ ಲಾಗ್‌ನಲ್ಲಿ ಕ್ರಿಟ್‌ಗಳನ್ನು ಬೇರೆ ಇಟ್ಟು ಸಾಮಾನ್ಯ ಪೆಟ್ಟುಗಳನ್ನಷ್ಟೇ ಬರೆದುಕೊಳ್ಳಿ. ಸೇಕ್ರೆಡ್ ಚಾರ್ಜ್‌ನ 81ರಿಂದ 151ರ ಹರವು ದೊಡ್ಡದು. 10 ಪೆಟ್ಟುಗಳ ಸರಾಸರಿ ಆರೇಳು ಅಂಕ ಅತ್ತಿತ್ತ ಆಗುವುದು ಸಹಜ, 100 ಪೆಟ್ಟು ಎಣಿಸಿದರೆ ಅದು ಎರಡು ಅಂಕಕ್ಕೆ ಇಳಿಯುತ್ತದೆ. 100 ಸಲ ಬೀಸಲು ಈ ಕತ್ತಿಗೆ ಬೇಕಾಗುವ ಸಮಯ ಐದು ನಿಮಿಷಕ್ಕೂ ಕಡಿಮೆ.